ಹೊರಗೆ ಕುಳಿತ ಅಮೆರಿಕದ ಹೆಂಗಸು

ಮಾಗನೂರು
11-2-2025

ಚಿರಂಜೀವಿ ರಜಿತಾಳಿಗೆ ಅಜ್ಜಿಯ ಆಶೀರ್ವಾದಗಳು.

ನಾನು ಹಣಮಮ್ಮ. ಹದಿನೇಳು ಜನರ ಮನೆಗೆ ಹಿರಿಯಳು, ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಪಾಸಾದವಳು, ಬೀರಪ್ಪನ ಪೂಜೆಗೆ ಮೊದಲ ಕಾಯಿ ಒಡೆಯುವ ಮನೆಯವಳು. ಇದೆಲ್ಲ ನಿನಗೆ ಗೊತ್ತು. ಆದರೂ ಬರೆದೆ. ಮುಂದಿನದನ್ನು ಓದಿ ಇದು ಬೇರೆ ಯಾರದೋ ಕಾಗದ ಎಂದುಕೊಳ್ಳಬಾರದು.

ಹೈದರಾಬಾದಿನಲ್ಲಿ ದೊಡ್ಡಪ್ಪ ನರಸಿಂಹುಲುವಿನ ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿದು, ಒಬ್ಬಳೇ ಇದ್ದು ಚಿತ್ರ ಬರೆಯುತ್ತೇನೆ ಎಂದು ನೀನು ದೀಪಾವಳಿಗೆ ಬಂದಾಗ ಕೇಳಿದ್ದೆ. ಅಲ್ಲೇ ದೊಡ್ಡಪ್ಪನ ಹನ್ನೊಂದು ಜನರ ಮನೆ ಇರುವಾಗ ಹುಡುಗಿ ಒಂಟಿಯಾಗಿ ಏಕಿರಬೇಕು ಎಂದು ನಾನು ಗದರಿದೆ. ನೀನು ಅಳಲಿಲ್ಲ, ಜಗಳವಾಡಲಿಲ್ಲ. ಹೋದ ವಾರ ನಿನ್ನ ಅಪ್ಪನ ಫೋನಿಗೆ ಒಂದು ಚಿತ್ರ ಕಳಿಸಿದೆ. ಅಮೆರಿಕದ ಪಟ್ಟಣಗಳ ಒಂಟಿತನವನ್ನು ಅಲ್ಲಿಯ ಚಿತ್ರಗಾರರು ಇದ್ದದ್ದು ಇದ್ದಂತೆ ಬರೆದಿದ್ದಾರೆ, ಅದರ ಮೇಲೆ ಕಾಲೇಜಿಗೆ ಪ್ರಬಂಧ ಬರೆಯುತ್ತಿದ್ದೇನೆ, ಈ ಹೆಂಗಸನ್ನು ನೋಡಿದರೆ ಅಜ್ಜಿಗೆ ಏನನ್ನಿಸುತ್ತದೆ ಕೇಳಿ ಎಂದಿದ್ದೆ.

ಫೋನಿನಲ್ಲಿ ನನ್ನ ಕಣ್ಣಿಗೆ ಹತ್ತಲಿಲ್ಲ. ನಿನ್ನ ಅಪ್ಪ ಭೀಮಶಂಕರ ಮಕ್ತಲ್‌ನ ಫೋಟೋ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ತಂದ. ಪಡಸಾಲೆಯಲ್ಲಿಟ್ಟು ಎಲ್ಲರೂ ನೋಡಿದೆವು. ಎತ್ತರದ ಕಟ್ಟಡದ ಕೋಣೆ, ಬೋಳು ಗೋಡೆ, ಅದರ ಮೇಲೊಂದು ಚೌಕ ಬಿಸಿಲು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಒಬ್ಬಳೇ ಹೆಂಗಸು. ಕೈಯಲ್ಲಿ ಕೆಲಸವಿಲ್ಲ.

ನಿನ್ನ ಸಣ್ಣಜ್ಜಿ, ನನ್ನ ನೆಗೆಣ್ಣಿ ಮೊಗುಲಮ್ಮ, ಕನ್ನಡಕ ಏರಿಸಿ ನೋಡಿ, "ಅಯ್ಯ, ಈಕಿ ಮುಟ್ಟಾಗ್ಯಾಳ. ಹೊರಗ ಕುಂತಾಳ" ಎಂದಳು.

"ಅಮೆರಿಕದಾಗ ಹಂಗ ಕೂಡಂಗಿಲ್ರಿ, ಸಣ್ಣತ್ತಿ" ಎಂದಳು ನಿನ್ನ ಅಮ್ಮ.

"ಮತ್ತ ಹಗಲೊತ್ತಿನಾಗ ಸುಮ್ಮ ಕುಂದ್ರಾಕ ಯಾರು ಬಿಟ್ಟಾರ ಆಕಿನ್ನ? ಅತ್ತಿ ಸತ್ತಾಳೇನು?" ಎಂದು ಮೊಗುಲಮ್ಮ ನನ್ನ ಮುಖ ನೋಡಿದಳು.

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಭೀಮಶಂಕರ ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಓಡಿದ.

ನಾನು ನಗಲಿಲ್ಲ. ಮೊಗುಲಮ್ಮ ಹೇಳಿದ್ದು ಸರಿ ಅನ್ನಿಸಿತು.

ನಮ್ಮ ಕಾಲದಲ್ಲಿ ಆ ಮೂರು ದಿನ ಹಿತ್ತಲಿನ ಕೋಣೆಯಲ್ಲಿ ಒಬ್ಬಳೇ ಕೂಡಬೇಕಿತ್ತು. ಯಾರನ್ನೂ ಮುಟ್ಟುವಂತಿಲ್ಲ, ನೀರಿನ ಕೊಡ ಮುಟ್ಟುವಂತಿಲ್ಲ. ಅದು ಒಳ್ಳೆಯ ಪದ್ಧತಿಯಲ್ಲ. ನಿನ್ನ ಅಮ್ಮ ಸೊಸೆಯಾಗಿ ಬಂದ ಮೇಲೆ ನಾನೇ ಅದನ್ನು ಈ ಮನೆಯಿಂದ ತೆಗೆದೆ. ಆದರೆ ಒಂದು ಮಾತು ಯಾರ ಮುಂದೆಯೂ ಹೇಳಿಲ್ಲ. ತಿಂಗಳೆಲ್ಲ ರೊಟ್ಟಿಗೆ, ಕುರಿಮರಿಗೆ, ಅತ್ತೆಯ ಕಷಾಯಕ್ಕೆ ಹಣಮಮ್ಮಾ ಹಣಮಮ್ಮಾ ಎಂದು ಕೂಗುತ್ತಿದ್ದರು. ಆ ಮೂರು ದಿನ ಯಾರೂ ಕೂಗುತ್ತಿರಲಿಲ್ಲ. ಗೋಡೆಯ ಮೇಲೆ ಬಿಸಿಲು ಸರಿದು ಮೂಲೆ ಸೇರುವವರೆಗೆ ನೋಡುತ್ತ ಕುಳಿತಿರುತ್ತಿದ್ದೆ. ಬೆಲ್ಲ ಕಟ್ಟಿ ಬಂದ ಹಳೆಯ ಪತ್ರಿಕೆ ಓದುತ್ತಿದ್ದೆ. ಕಥೆ ಅರ್ಧಕ್ಕೆ ಹರಿದಿದ್ದರೆ ಉಳಿದದ್ದನ್ನು ನಾನೇ ಕಟ್ಟಿ ಮುಗಿಸುತ್ತಿದ್ದೆ. ನನ್ನ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ.

ನಿನ್ನ ಪ್ರಬಂಧದಲ್ಲಿ ಹೀಗೆ ಬರೆ. ಆ ಹೆಂಗಸಿಗೆ ದುಃಖವಿದೆಯೋ ಇಲ್ಲವೋ, ಚಿತ್ರ ಬರೆದವನಿಗೆ ಗೊತ್ತು. ಮಾಗನೂರಿನ ಹೆಂಗಸರಿಗಂತೂ ಆಕೆಯನ್ನು ಕಂಡು ಹೊಟ್ಟೆಕಿಚ್ಚಾಯಿತು. ನಿನ್ನ ಮೇಷ್ಟ್ರು ಒಪ್ಪದಿದ್ದರೆ ನನಗೆ ಫೋನು ಹಚ್ಚಿ ಕೊಡು.

ನೀನು ಬೇರೆ ಕೋಣೆಯಲ್ಲಿರುತ್ತೀ ಎಂದು ನರಸಿಂಹುಲುವಿಗೆ ನಾನೇ ಹೇಳಿದೆ. "ಅವ್ವಾ, ಮಂದಿ ಏನಂತಾರ?" ಎಂದ. "ಮಂದೀನ ನನ್ನ ಹತ್ರ ಕಳಸು" ಎಂದೆ. ಮೊನ್ನೆ ಭೀಮಶಂಕರ ಹೈದರಾಬಾದಿಗೆ ಹೋಗಿ ನೀನು ನೋಡಿಟ್ಟಿದ್ದ ಕೋಣೆಯ ಮಾಲೀಕನ ಹತ್ತಿರ ಮಾತು ಮುಗಿಸಿ ಬಂದ. ಕೀಲಿಕೈ ಮೊದಲು ನನ್ನ ಕೈಗೆ ಬರಬೇಕು ಎಂದಿದ್ದೆ, ಬಂದಿದೆ. ಕಿಟಕಿ ಪೂರ್ವಕ್ಕಿದೆಯಂತೆ. ಈಗ ಹಾಸಿಗೆ, ಕಂಬಳಿ ಕಟ್ಟಿಕೊಂಡು ಅವನು ಮತ್ತೆ ಬಸ್ಸಿಗೆ ಹೊರಟಿದ್ದಾನೆ. ಈ ಕಾಗದದ ಮಡಿಕೆಯಲ್ಲಿ ಕೀಲಿಕೈ ಇಟ್ಟಿದ್ದೇನೆ. ತೆಗೆದುಕೋ.

ನಿನ್ನ ಅಜ್ಜಿ,
ಹಣಮಮ್ಮ

ಬಿಟ್ಟುಹೋದ ಮಾತು: ನನ್ನ ಮುಟ್ಟು ನಿಂತದ್ದು ನಲವತ್ತೇಳಕ್ಕೆ. ಐವತ್ತು ತುಂಬಿ ನಿನ್ನ ಅಮ್ಮ ಸೊಸೆಯಾಗಿ ಬರುವವರೆಗೂ ತಿಂಗಳಿಗೆ ಮೂರು ದಿನ ತಪ್ಪದೆ ಹೊರಗೆ ಕುಳಿತೆ. ಮೊಗುಲಮ್ಮನಿಗೆ ಹೇಳಬೇಡ. ಆ ದಿನಗಳಲ್ಲಿ ನನ್ನ ಪಾಲಿನ ರೊಟ್ಟಿ ಬಡಿದವಳು ಅವಳೇ.