ಪಗಾರವಿಲ್ಲದ ಕೆಲಸಕ್ಕೆ ಪರವಾನಗಿ

ಸಂಬಳವಿಲ್ಲದೆ ಯಾರಾದರೂ ದುಡಿಯುತ್ತಾರೆಂದು ನಂಬಲಾರದ ಮಾನ್ಯ ಅಧಿಕಾರಿಗಳೇ,

ವಿದೇಶ ಪ್ರಯಾಣಕ್ಕೆ ಅನುಮತಿ ಕೋರಿದ ನನ್ನ ಅರ್ಜಿ ದೀಪಾವಳಿಯಿಂದ ನಿಮ್ಮ ಮೇಜಿನ ಮೇಲಿದೆ. ಈಗ ಮಾವಿನ ಕಾಲ. ನನ್ನ ಪಾಸ್‌ಪೋರ್ಟೂ ಅದರ ಜೊತೆಗೇ ವಿಶ್ರಾಂತಿ ಪಡೆಯುತ್ತಿದೆ. ನಾನು ಮಾಡಿದ ತಪ್ಪು ಇಷ್ಟೇ: ಪೂರ್ವ ಆಫ್ರಿಕಾದ ಹಳ್ಳಿಯೊಂದರಲ್ಲಿ ಪೋಲಿಯೋ ಬಡಿದ ಮಕ್ಕಳಿಗೆ ನಿಲ್ಲುವುದನ್ನೂ ನಡೆಯುವುದನ್ನೂ ಕಲಿಸಲು ಹೋಗುತ್ತೇನೆ, ಸಂಬಳ ತೆಗೆದುಕೊಳ್ಳುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಬರೆದೆ. ಜಗಳ ಕಾಯಲು ಈ ಪತ್ರ ಬರೆಯುತ್ತಿಲ್ಲ. ಜಗಳಕ್ಕೆ ಬೇಕಾದ ಕಸುವೆಲ್ಲ ನಿಮ್ಮ ಕಚೇರಿಯ ಬೆಂಚಿನ ಮೇಲೆಯೇ ಖರ್ಚಾಗಿದೆ.

ನಿಮ್ಮ ಗುಮಾಸ್ತ ಗದಿಗೆಪ್ಪನವರು ಬಿಜಾಪುರದ ಕಡೆಯವರು, ಒಳ್ಳೆಯವರು. ಈಗೀಗ ನನ್ನನ್ನು ಕಂಡರೆ ಪಾಪ, ಅವರೇ ಮುಖ ತಪ್ಪಿಸುತ್ತಾರೆ. "ಬಾಯಾರ, ಸಾಹೇಬ್ರಿಗೆ ಪಗಾರದ ಚೀಟಿ ಬೇಕಂತ್ರಿ" ಎಂದರು ಮೊದಲ ಸಲ. ಪಗಾರವೇ ಇಲ್ಲವಲ್ಲ ಎಂದೆ. "ಹಂಗಾದ್ರ ಪಗಾರ ಇಲ್ಲ ಅನ್ನೂದಕ್ಕ ಒಂದು ಚೀಟಿ ತರ್ರಿ" ಎಂದರು. ಆ ಹಳ್ಳಿಯ ಆಸ್ಪತ್ರೆಯಿಂದ ಅದನ್ನೂ ತರಿಸಿ ಕೊಟ್ಟೆ. ಅದನ್ನು ಓದಿದ ನೀವು ನನ್ನನ್ನು ಒಳಗೆ ಕರೆದು, ಪಗಾರ ಕೊಡದೆ ಅಷ್ಟು ದೂರ ಕರೆಸಿಕೊಳ್ಳುವವರ ಉದ್ದೇಶವೇನು ಎಂದು ಕೇಳಿದಿರಿ. ಇಲ್ಲದ್ದನ್ನು ಇಲ್ಲವೆಂದು ಸಾಬೀತು ಮಾಡುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ. ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ಅಣ್ಣ ಸತ್ಯಮೂರ್ತಿ ಆಗಲೇ ಉಪಾಯ ಹೇಳಿದ್ದ: "ಏನೋ ಒಂದು ಸಂಬಳ ಅಂತ ಬರೆದ್ಬಿಡೇ. ಅವರಿಗೆ ಅರ್ಥವಾಗೋ ಸುಳ್ಳು ಹೇಳು, ಕೆಲಸ ಮುಗಿಯುತ್ತೆ." ಅವನ ಮಾತು ಕೇಳಿದ್ದರೆ ಇಷ್ಟು ಹೊತ್ತಿಗೆ ಹಡಗು ಇಳಿದು ಆ ಹಳ್ಳಿ ಸೇರಿರುತ್ತಿದ್ದೆ. ಸುಳ್ಳಿಗೆ ಹೆಬ್ಬಾಗಿಲು ತೆರೆದಿಟ್ಟವರು ನಿಜಕ್ಕೆ ಒಂದು ಕಿಂಡಿಯನ್ನಾದರೂ ಬಿಡಬಾರದೇ?

ಅದೇ ದಿನ ಇನ್ನೊಂದು ಪ್ರಶ್ನೆ ಕೇಳಿದಿರಿ: "ನಮ್ಮ ದೇಶದಲ್ಲಿ ಇಂಥ ಮಕ್ಕಳಿಲ್ಲವೇ?" ಪ್ರಶ್ನೆ ನ್ಯಾಯವಾದದ್ದೇ. ಇದ್ದಾರೆ. ಇದೇ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಅವರಿಗೆ ನಡೆಯಲು ಕಲಿಸುತ್ತಲೇ ನನ್ನ ಹರೆಯ ಕಳೆದಿದೆ. ಆದರೆ ಅವರ ಮೇಲಿನ ಈ ಮಮತೆ ತಮಗೆ ನಾನು ಹಡಗು ಹತ್ತುವ ಮಾತೆತ್ತಿದ ಮೇಲೆಯೇ ಏಕೆ ಉಕ್ಕಿತು? ಕಾಲಿಗೆ ಕಬ್ಬಿಣದ ಕ್ಯಾಲಿಪರ್ ತೊಟ್ಟ ಮಗು ದಾದರ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಲಾಗದೆ ನಿಂತಿರುವಾಗ ಎಷ್ಟು ಜನ ಅಧಿಕಾರಿಗಳು ದಾರಿ ಬಿಟ್ಟದ್ದುಂಟು? ಪರದೇಶದವರು ಸೇವೆಗೆಂದು ನಮ್ಮಲ್ಲಿಗೆ ಬಂದರೆ ಹಾರ ಹಾಕುತ್ತೇವೆ. ನಮ್ಮವಳೊಬ್ಬಳು ಹೊರಟರೆ ಸಂಚು ಹುಡುಕುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನಗೂ ಗೊತ್ತು. ಆ ಗಿಡವನ್ನು ಬೇರೆಯವರ ಹಿತ್ತಲಿಗೂ ಬಿಡಬಾರದೆಂಬುದು ತಮ್ಮ ಸೇರ್ಪಡೆ ಇರಬೇಕು.

ನಿನ್ನಿಂದ ಅಲ್ಲಿ ಏನಾದೀತು ಎಂದೂ ಕೇಳಿದಿರಿ. ಹೋದ ದೀಪಾವಳಿಗೆ ಮೊದಲು ಒಂದು ವರ್ಷ ನಾನು ಅಲ್ಲೇ ಇದ್ದೆ. ಆಗ ನಿಮ್ಮ ಕುರ್ಚಿಯಲ್ಲಿದ್ದವರು ಮರುಮಾತಿಲ್ಲದೆ ಮುದ್ರೆ ಒತ್ತಿದ್ದರು. ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಬಂದವಳು ಇಲ್ಲೇ ಸಿಕ್ಕಿಬಿದ್ದೆ. ನನಗಿಂತ ಮೊದಲು ಅಲ್ಲಿಗೆ ಬಂದಿದ್ದ ಯುರೋಪಿನ ಪುಣ್ಯಾತ್ಮರು ಪ್ರತಿ ಮಗುವಿಗೂ ಎತ್ತರದ ಮರದ ಕುರ್ಚಿ ಮಾಡಿಸಿಕೊಟ್ಟಿದ್ದರು. ರೆಹೇಮಾ ಎಂಬ ಹುಡುಗಿಯ ಮನೆಗೆ ನಾನು ಹೋದಾಗ ಕುರ್ಚಿಯ ಮೇಲೆ ಅವಳ ಅಜ್ಜ ಕೂತಿದ್ದರು, ಹುಡುಗಿ ನೆಲದ ಮೇಲೆ ತೆವಳುತ್ತಿದ್ದಳು. ನೋಡಿ ನನಗೆ ನಗು ಬಂತು. ಹಿರಿಯರು ನೆಲದಲ್ಲಿರುವಾಗ ಮಗುವನ್ನು ಅವರ ತಲೆಗಿಂತ ಎತ್ತರಕ್ಕೆ ಕೂರಿಸುವ ಪದ್ಧತಿ ಮೈಸೂರಿನ ನಮ್ಮ ಮನೆಯಲ್ಲೂ ಇರಲಿಲ್ಲ. ನಾವು ಊಟಕ್ಕೆ ಹಾಕಿಕೊಳ್ಳುವ ಮಣೆಯಂಥದೊಂದನ್ನು ಮಾಡಿಸಿ, ಅದಕ್ಕೆ ಒರಗಲು ಹಲಗೆ ಹೊಡೆಸಿದೆ. ಅಜ್ಜನ ಮರ್ಯಾದೆಗೂ ಕುಂದಾಗಲಿಲ್ಲ, ಹುಡುಗಿಯೂ ಎಲ್ಲರ ನಡುವೆ ನೆಟ್ಟಗೆ ಕೂತು ಉಂಡಳು. ಉಳಿದ ಮಕ್ಕಳಿಗೆಂದು ಈ ಸಲ ಚೆಂಬೂರಿನ ಬಡಗಿ ರಾಜೇಸಾಬರಿಂದ ಅಂಥವೇ ಮಣೆ ಮಾಡಿಸಿದ್ದೇನೆ. ಅವು ನಮ್ಮ ಚಾಳಿನ ಗ್ಯಾಲರಿಯಲ್ಲಿ ಕೂತಿವೆ, ನೆರೆಯವರು ಅವುಗಳ ಮೇಲೆ ಹಪ್ಪಳ ಒಣಗಿಸುತ್ತಿದ್ದಾರೆ. "ಯಾವಾಗ ಹೊಂಟ್ರಿ ಅಕ್ಕಾರ?" ಎಂದು ಕೇಳುತ್ತಿದ್ದ ರಾಜೇಸಾಬರು ಈಗ, "ಮಳಿಗಾಲ ಬಂತ್ರಿ, ಹುಳಾ ಹಿಡೀತಾವು. ಒಂದೀಟು ಎಣ್ಣಿ ಹಚ್ಚಿ ಇಡ್ರಿ" ಎನ್ನುತ್ತಾರೆ.

ಮಣೆ ಕಾದೀತು. ಮಕ್ಕಳ ಕಾಲು ಕಾಯುವುದಿಲ್ಲ. ಪೋಲಿಯೋ ಬಂದ ಕಾಲನ್ನು ಹಾಗೆಯೇ ಬಿಟ್ಟರೆ ಮಂಡಿ ಮಡಚಿಕೊಂಡು ಬಿಗಿದುಬಿಡುತ್ತದೆ. ನಾನು ಹೊರಡುವಾಗ ರೆಹೇಮಾಳ ತಾಯಿಗೆ ಹೇಳಿದ್ದೆ: ದಿನವೂ ಮಂಡಿಯನ್ನು ಒತ್ತಿ ನೆಟ್ಟಗೆ ಮಾಡುತ್ತಿರು, ನಾನು ಬಂದು ಕ್ಯಾಲಿಪರ್ ತೊಡಿಸಿ ನಿಲ್ಲಿಸುತ್ತೇನೆ. ಆ ಸುತ್ತಮುತ್ತ ಅದನ್ನು ಅಳತೆಗೆ ಕೂರಿಸಬಲ್ಲವರು ಬೇರೆ ಯಾರೂ ಇಲ್ಲ. ಅದಿಲ್ಲದೆ ನೆಟ್ಟಗಾದ ಕಾಲೂ ಅವಳ ಭಾರ ಹೊರಲಾರದು. ಮಂಡಿ ಒತ್ತುವುದು ಬಹಳ ನೋವಿನ ಕೆಲಸ. ಅಲ್ಲಿಯ ದಾದಿ ಬರೆದಿದ್ದಾಳೆ: ತಾಯಿ ಒಂದು ದಿನವೂ ತಪ್ಪಿಸಿಲ್ಲವಂತೆ. ಹುಡುಗಿ ಕಿರುಚಿ ಅಳುತ್ತಾಳಂತೆ. ಪಂಕಜಾ ಹಡಗು ಹತ್ತಿದ್ದಾಳೆ, ಇನ್ನೇನು ಬಂದಳು ಎಂದು ತಾಯಿ ಸಮಾಧಾನ ಹೇಳುತ್ತಾಳಂತೆ. ಅದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಮರುದಿನ ಮತ್ತೆ ನಿಮ್ಮ ಬೆಂಚಿಗೆ ಬಂದು ಕೂತೆ.

ನನ್ನ ಉದ್ದೇಶದ ಬಗ್ಗೆ ತಮಗೆ ಏನು ಬೇಕಾದರೂ ಅನಿಸಲಿ. ನನಗೆ ಬೇಕಾದದ್ದು ಒಂದು ಉತ್ತರ, ಈ ವಾರದೊಳಗೆ. ಅನುಮತಿ ಕೊಡುತ್ತೇವೆ ಎಂದರೆ ಸಿಕ್ಕಿದ ಹಡಗಿಗೆ ಹೊರಡುತ್ತೇನೆ. ಕೊಡುವುದಿಲ್ಲ ಎನ್ನುವುದಾದರೆ ಅದನ್ನಾದರೂ ಬೇಗ ಹೇಳಿ. ಆ ತಾಯಿಗೆ ಕಾಗದ ಬರೆಯಬೇಕು, ಇನ್ನು ಮಗುವನ್ನು ಅಳಿಸಬೇಡ ಎಂದು.

ಇಂತಿ,
ಸಂಬಳವಿಲ್ಲದ ಕಾರಣಕ್ಕೆ ಸಂಶಯಕ್ಕೆ ಪಾತ್ರಳಾದ
ಪಂಕಜಾ
ಚೆಂಬೂರು, ಮುಂಬಯಿ
ಮೇ 1973