ಹೆಗಲು ಕೊಡದ ಶನಿವಾರ

ಮೈಲೂರ, ಬೀದರ
೧೨ ಫೆಬ್ರವರಿ ೨೦೨೫

ಪ್ರೀತಿಯ ಮಾರ್ಗರೆಟ ಅಕ್ಕನಿಗೆ ತಮ್ಮ ಅಮೋಸನ ವಂದನೆಗಳು.

ಅಪ್ಪನನ್ನು ಭಾಲ್ಕಿಯಲ್ಲಿ ಅವ್ವನ ಪಕ್ಕ ಮಣ್ಣು ಮಾಡಿ ಇಂದಿಗೆ ಹನ್ನೊಂದು ದಿನ. ಅಂದಿನಿಂದ ನೀನು ನನ್ನ ಫೋನು ಎತ್ತಿಲ್ಲ. ಎತ್ತಬೇಡ, ಇದನ್ನು ಮಾತ್ರ ಪೂರ್ತಿ ಓದು.

ಆ ಶನಿವಾರ ಪಾಸ್ಟರ್ ಪ್ರಾರ್ಥನೆ ಮುಗಿಸಿ, ಮಗ ಪೆಟ್ಟಿಗೆಯ ತಲೆಯ ಕಡೆಗೆ ಬರಲಿ ಎಂದರು. ನಾನು ನಿಂತಲ್ಲೇ ನಿಂತೆ. ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದೆ. ಹೆಣ್ಣುಮಕ್ಕಳು ಹೊರುವ ರೂಢಿ ನಮ್ಮಲ್ಲಿಲ್ಲ ಎಂದು ಹಿರಿಯರೊಬ್ಬರು ಗೊಣಗಿದರು. ನೀನು ಅವರ ಕಡೆ ನೋಡದೆ ನನ್ನನ್ನು ಕೇಳಿದೆ: "ನಿನ್ನ ಪುಸ್ತಕದಾಗ ಅಪ್ಪಗ ಹೆಗಲ ಕೊಡಬ್ಯಾಡಂತ ಬರ್ದಾರೇನು?"

"ನನ್ನ ವಿಚಾರ ಬ್ಯಾರೆ ಅದ," ಎಂದೆ.

ಹೋದ ಕ್ರಿಸ್‌ಮಸ್ಸಿಗೆ ಊಟಕ್ಕೆ ಕುಳಿತಾಗ, ಸತ್ತವರಿಗೆ ಮೆರವಣಿಗೆ ಬೇಡ, ಬದುಕಿದ್ದವರನ್ನು ನೋಡಿಕೊಳ್ಳಿ ಎಂದು ಅಪ್ಪನೆದುರೇ ವಾದಿಸಿದ್ದೆನಲ್ಲ. ಹಾಗಾಗಿ ಎಲ್ಲರೂ ನನ್ನ ಮಾತನ್ನು ನಂಬಿದರು. ನೀನೂ ನಂಬಿದೆ.

ಅದು ಸುಳ್ಳು ಅಕ್ಕಾ. ನನ್ನ ಕೈ ಏಳುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಒಂದು ಕಿರುಹೊತ್ತಿಗೆಯಲ್ಲಿ, ದುಡಿಯುವವರ ಮೊದಲ ಆಯುಧ ಅವರ ಮೈ ಎಂದು ಬರೆದಿತ್ತು. ಅದನ್ನು ನಾನು ಇಂದಿಗೂ ನಂಬುತ್ತೇನೆ. ಆ ಶನಿವಾರಕ್ಕೆ ಎರಡು ದಿನ ಮುಂಚೆ, ಗುರುವಾರ ಬೆಳಿಗ್ಗೆ, ನಮ್ಮ ಓಣಿಯ ಆರು ಮಂದಿಯನ್ನು ಸೇರಿಸಿ ಕಸರತ್ತು ಶುರು ಮಾಡಿದೆ. ಮೊದಲ ವಾರ ಇಪ್ಪತ್ತೇ ದಂಡ, ಇಪ್ಪತ್ತೇ ಬೈಠಕ್ ಎಂದು ಅದರಲ್ಲೇ ಇತ್ತು. ಮುಂದೆ ನಿಂತವನು ಇಪ್ಪತ್ತಕ್ಕೆ ಏಳುವುದು ಹೇಗೆ ಎಂದು ಇನ್ನೂರಿನ್ನೂರು ಹೊಡೆದೆ. ಉಳಿದವರು ಮೂವತ್ತಕ್ಕೇ ಕುಳಿತು ನಗುತ್ತಿದ್ದರು. ಅವರು ಜಾಣರು.

ಶುಕ್ರವಾರ ತಲೆ ಬಾಚಲು ಆಗಲಿಲ್ಲ. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಶನಿವಾರ ಬೆಳಿಗ್ಗೆ ಅಪ್ಪ ಹೋದರೆಂದು ನಿನ್ನ ಫೋನು ಬಂದಾಗ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದೆ ಮನೆಯೊಡತಿ ಅಕ್ತರಬೀ ಹಾಕಿಕೊಟ್ಟರು. ದುಃಖಕ್ಕೆ ನನ್ನ ಕೈ ಸೋತಿದೆ ಎಂದು ತಿಳಿದು ಅತ್ತರು. ನಾನು ಅವರಿಗೂ ನಿಜ ಹೇಳಲಿಲ್ಲ.

ಕುಕ್ಕರಗಾಲಲ್ಲಿ ಕುಳಿತು ಪೆಟ್ಟಿಗೆ ಎತ್ತಬೇಕಿತ್ತು. ಎತ್ತಿ ಅಪ್ಪನನ್ನು ಜನರ ನಡುವೆ ಕೆಡವಿದರೆ ಎಂದು ಹೆದರಿದೆ. ನೀನು ನರ್ಸು, ನನ್ನ ತೋಳು ಮುಟ್ಟಿದ್ದರೆ ನಿನಗೆ ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ಸಮಾಧಿಯ ಹತ್ತಿರ ನೀನು ಹಿಡಿದುಕೊಳ್ಳಲು ಬಂದಾಗ ದೂರ ಸರಿದೆ. ಕಸರತ್ತು ಮಾಡಿ ಸೋತವನು ಎನ್ನಿಸಿಕೊಳ್ಳುವುದಕ್ಕಿಂತ ಕಲ್ಲೆದೆಯವನು ಎನ್ನಿಸಿಕೊಳ್ಳುವುದು ನನಗೆ ಹಗುರವಾಗಿ ಕಂಡಿತು.

ಈಗ ಮೈ ನೋವು ಹೋಗಿದೆ. ಬೆಳಿಗ್ಗೆ ಕೈ ಮೇಲೆತ್ತಿದರೆ ಸಲೀಸಾಗಿ ಏಳುತ್ತದೆ. ಅದನ್ನು ನೋಡಲು ನನಗೆ ಆಗುತ್ತಿಲ್ಲ.

ಕ್ಷಮಿಸು ಎನ್ನಲಾರೆ. ಆದರೆ ನಿನ್ನ ತಮ್ಮ ಅಪ್ಪನನ್ನು ಬೇಡವೆಂದವನಲ್ಲ. ಇಷ್ಟನ್ನು ನಂಬು.

ನಿನ್ನ
ಅಮೋಸ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಶುಕ್ರವಾರ ಸಂಜೆ ನೀನು ಡ್ಯೂಟಿಗೆ ಹೋದ ಮೇಲೆ ಅಪ್ಪ ಔರಾದದ ನಿನ್ನ ಮನೆಯಿಂದ ನನಗೆ ಫೋನು ಮಾಡಿದ್ದರು. "ನಾಳಿ ಬಾರಪ್ಪಾ. ಅಂಗಳದಾಗ ಬಿಸಲಿಗಿ ಕೂಡಬೇಕನಸ್ತದ. ಮಾರ್ಗರೆಟ ನನ್ನ ಎತ್ತಿದ್ರ ಅಕಿ ಸೊಂಟ ಹಿಡೀತದ," ಎಂದರು. ಸಭೆ ಇದೆ, ಭಾನುವಾರ ಬರುತ್ತೇನೆ ಎಂದೆ. ಯಾವ ಸಭೆಯೂ ಇರಲಿಲ್ಲ. ಅಪ್ಪ, "ಆಗಲಿ, ಐತಾರ ಬಾ," ಎಂದರು.