ಕಳಿಸುವ ಬೆಂಕಿ

ಆಗಸ್ಟ್ 8, ಸಂಜೆ

ಡಬ್ಬಿ ಕಾರ್ಖಾನೆಯಲ್ಲಿ ಇವತ್ತೂ ಪೆರುವಿನ ಬೊಂಡಾಸೇ. ಕಲ್ಲಿನ ಹಾಗೆ ಹೆಪ್ಪುಗಟ್ಟಿ ಬರುತ್ತದೆ. ಕರಗಿಸು, ಕರುಳು ಕೀಳು, ತೊಳೆ, ಡಬ್ಬಿಗೆ ತುಂಬು. ಬೆರಳು ಇನ್ನೂ ಮರಗಟ್ಟಿವೆ, ಪೆನ್ನು ನಿಲ್ಲುತ್ತಿಲ್ಲ. ಡಬ್ಬಿಯ ಮೇಲೆ ಮಾತ್ರ ನಮ್ಮ ಶಿಯೊಮಿ ಬಂದರಿನ ಚಿತ್ರ — ಹತ್ತು ಕೈ ಚಾಚಿ ನಗುವ ಬೊಂಡಾಸು, ತಲೆಗೆ ಮೀನುಗಾರರ ಬಟ್ಟೆ ಪಟ್ಟಿ. ನಾಚಿಕೆಗೇಡು. ನಮ್ಮ ಕೊಲ್ಲಿಯಲ್ಲಿ ಬೊಂಡಾಸು ಸಿಕ್ಕಿ ಎಷ್ಟು ಕಾಲವಾಯಿತೋ.

ಮನೆಗೆ ಬಂದರೆ ಅತ್ತೆ ಆಗಲೇ ಮಗನ ಊಟ ಇಟ್ಟಾಗಿತ್ತು. ದೂರ ಹೋದವರಿಗೆಂದು ಮನೆಯಲ್ಲಿ ಇಡುವ ಊಟ. ಬಿಸಿ ಅನ್ನದ ಬಟ್ಟಲು, ಮೇಲೆ ಮುಚ್ಚಳ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ಎತ್ತಿ ದೀಪಕ್ಕೆ ಹಿಡಿದರು.

"ನೋಡೇ ಸುಮಿಯೆ, ಬೆವತಿದೆ. ಮುಚ್ಚಳ ಬೆವತ್ರೆ ಹೋದೋನು ಚೆನ್ನಾಗಿದಾನೆ ಅಂತ್ಲೇ."

"ಬಿಸಿ ಅನ್ನ ಅತ್ತೆ. ಬೆವರದೆ ಇನ್ನೇನು ಮಾಡತ್ತೆ?"

"ನಿನ್ನ ಬಾಯಿಗೊಂದು ಬೀಗ ಹಾಕ."

ನವೆಂಬರಿನಿಂದ ಇದೇ. ಮೀನಿಗೆ ಹೋದ ಇಸಾಮುವಿನ ದೋಣಿ ಸಿಗಲಿಲ್ಲ. ಹಲಗೆ ಸಿಗಲಿಲ್ಲ. ಅವನೂ ಸಿಗಲಿಲ್ಲ. ಗಂಡ ಇದ್ದಾನೆಂದು ಅತ್ತೆಯ ಜೊತೆ ಕೂತು ಉಣ್ಣುತ್ತೇನೆ, ಇಲ್ಲವೆಂದು ಒಬ್ಬಳೇ ಅಳುತ್ತೇನೆ. ಸಾಕಾಗಿದೆ.

ಆಗಸ್ಟ್ 11

ಓನುಮಾ ಬಂದಿದ್ದ. ಪಕ್ಕದ ಮನೆಯವನು. ಇಸಾಮು ಹೋದ ಆ ದಿನ ಅವನೂ ತನ್ನ ದೋಣಿಯಲ್ಲಿ ಹೋಗಿದ್ದ, ಅಲೆ ನೋಡಿ ಅರ್ಧಕ್ಕೇ ತಿರುಗಿಸಿದ. ಉಳಿದ. ಆಮೇಲೆ ದೋಣಿ ಮಾರಿ ಸಿಮೆಂಟ್ ಕಾರ್ಖಾನೆಗೆ ಸೇರಿಕೊಂಡ. ಹುಬ್ಬಿನಲ್ಲೆಲ್ಲ ಬಿಳಿ ಪುಡಿ. ಕೈಯಲ್ಲಿ ಪೈನ್ ಚಕ್ಕೆಗಳ ಕಟ್ಟು, ಅಂಟು ತುಂಬಿದ್ದು, ಒಳ್ಳೆಯದು.

"ಅವನು ಹೋದ್ಮೇಲೆ ಮೊದಲ್ನೇ ಓಬೊನ್ ಹಬ್ಬ ಕಣಮ್ಮ. ಊರಲ್ಲಿ ಸತ್ತೋರೆಲ್ಲ ಮನೆಗೆ ಬರ್ತಾರೆ. ನಿಮ್ಮ ಬಾಗಿಲಲ್ಲಿ ಬೆಂಕಿ ಇಲ್ದಿದ್ರೆ ಅವನಿಗೆ ದಾರಿ ಕಾಣೋದು ಹೆಂಗೆ?"

ಒಳಗಿಂದ ಅತ್ತೆ: "ಯಾರಿಗೋ ಮೊದಲ್ನೇ ಓಬೊನ್? ಸತ್ತೋರಿಗೆ ಬೆಂಕಿ ಹಚ್ತಾರೆ. ನಾನು ನನ್ನ ಮಗನಿಗೆ ಅನ್ನ ಇಡ್ತಿದೀನಿ. ಇಷ್ಟು ವಯಸ್ಸಾಯ್ತು, ಅಷ್ಟೂ ಗೊತ್ತಾಗಲ್ವೇನೋ ನಿಂಗೆ?"

ಪಾಪ, ಬಾಗಿ ಬಾಗಿ ನಮಸ್ಕಾರ ಮಾಡಿದ. ಕಟ್ಟನ್ನು ಮಾತ್ರ ಚಪ್ಪಲಿ ಗೂಡಿನ ಹಿಂದೆ ಇಟ್ಟೇ ಹೋದ.

ಅವನು ಹೋದ ಮೇಲೆ ಅತ್ತೆ ಬಟಾಣಿ ಸುಲಿಯುತ್ತಾ ತಮ್ಮಷ್ಟಕ್ಕೆ ಶುರು ಮಾಡಿದರು. ಅವರಪ್ಪ ಕಬ್ಬಿಣದ ಕುಲುಮೆಯಲ್ಲಿ ಕೆಲಸಕ್ಕಿದ್ದರಂತೆ. ಆಗ ಬೆಟ್ಟದಿಂದ ಕಬ್ಬಿಣ ಇಳಿಯುತ್ತಿತ್ತು. ಅದು ಮುಗಿಯಿತು. ಆಮೇಲೆ ಸುಣ್ಣಕಲ್ಲು — ಬೆಟ್ಟದ ಅರ್ಧ ಕೆರೆದಾಯಿತು. ಆಮೇಲೆ ಬೊಂಡಾಸು. "ಈ ಊರು ಒಂದೊಂದೇ ತಿಂದು ಮುಗಿಸ್ತು ಕಣೇ. ಇಲ್ಲೇ ಮೀನಿದ್ದಿದ್ರೆ ನನ್ನ ಮಗ ಅಷ್ಟು ದೂರ ಯಾಕೆ ಹೋಗ್ತಿದ್ದ?"

ಆಗಸ್ಟ್ 13

ಹಚ್ಚಿಬಿಟ್ಟೆ.

ಹಿಂದೆ ಬೆಟ್ಟ, ಮುಂದೆ ಸಮುದ್ರದ ಗೋಡೆ, ನಡುವೆ ಇರುವುದೊಂದೇ ರಸ್ತೆ. ಸಂಜೆಯಾದದ್ದೇ ಸ್ಟೇಷನ್ನಿನಿಂದ ಹೊಳೆಬಾಯಿಯವರೆಗೆ ಬಾಗಿಲು ಬಾಗಿಲಿಗೂ ಬೆಂಕಿ. ಮಕ್ಕಳ ಕೂಗಾಟ. ಟೋಕಿಯೊದಿಂದ ಬಂದವರ ಕಾರುಗಳು. ನಮ್ಮ ಬಾಗಿಲೊಂದೇ ಕತ್ತಲು. ಅವನು ಆ ರಸ್ತೆಯಲ್ಲಿ ಬಂದು, ನಮ್ಮ ಮನೆ ಗುರುತು ಸಿಗದೆ ಮುಂದೆ ಹೋದರೆ? ಅತ್ತೆ ಅಡುಗೆಮನೆಯಲ್ಲಿದ್ದರು. ಚಕ್ಕೆ ಜೋಡಿಸಿದೆ, ಕಡ್ಡಿ ಗೀರಿದೆ. ಕಪ್ಪು ಹೊಗೆ ಗೋಡೆ ದಾಟಿ ನೀರಿನ ಕಡೆ ಹೋಯಿತು.

ಅತ್ತೆ ಹೊರಗೆ ಬಂದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ.

"ಎಲ್ಲೋ ಒಂದ್ಕಡೆ ಇದ್ದ ಕಣೇ," ಅಂದರು. "ನೀನು ಕೊಂದ್ಬಿಟ್ಟೆ."

ಆಗಸ್ಟ್ 14, ಬೆಳಗ್ಗೆ

ಮುಚ್ಚಳ ಒಣಗಿದೆ.

ಅನ್ನದಿಂದ ಹಬೆ ಏಳುತ್ತಿತ್ತು, ನಾನೇ ಬಡಿಸಿದ್ದು. ಅತ್ತೆ ಎತ್ತಿ ನೋಡಿದರು. ಒಂದು ಹನಿ ಇಲ್ಲ. ಮತ್ತೆ ಮುಚ್ಚಿದರು, ಮತ್ತೆ ಎತ್ತಿದರು. ನನ್ನ ಕೈಗೆ ಕೊಟ್ಟರು. ಬಟ್ಟೆಯಲ್ಲಿ ಒರೆಸಿಟ್ಟ ಹಾಗಿತ್ತು. ಬಿಸಿಯೂ ಇರಲಿಲ್ಲ.

ಬಾಗಿಲ ಒಳಗೆ, ಚಪ್ಪಲಿ ಬಿಡುವ ಕಲ್ಲಿನ ಮೇಲೆ ನೀರು. ರಾತ್ರಿ ಮಳೆ ಬಂದಿಲ್ಲ. ಬೆರಳಿಗೆ ಹಚ್ಚಿ ನಾಲಿಗೆಗಿಟ್ಟೆ. ಉಪ್ಪು.

ಅತ್ತೆಗೆ ಹೇಳಬೇಕಾಗಿರಲಿಲ್ಲ. ಬಂದು ನೋಡಿದರು, ಬಗ್ಗಿ ಆ ನೀರನ್ನು ಅಂಗೈಯಲ್ಲಿ ಸವರಿದರು. "ಬಂದ್ಯೇನಪ್ಪಾ," ಅಂದರು. ಎಷ್ಟು ಮೆತ್ತಗೆ ಅಂದರು.

ಆಗಸ್ಟ್ 16

ಇವತ್ತು ಬಂದವರನ್ನು ಕಳಿಸುವ ಬೆಂಕಿ. ಉಳಿದ ಚಕ್ಕೆ ಎಲ್ಲೂ ಇಲ್ಲ. ಚಪ್ಪಲಿ ಗೂಡು, ಶೆಡ್ಡು, ಒಲೆಯ ಹಿಂದೆ, ಎಲ್ಲ ಜಾಲಾಡಿದೆ.

"ಹುಡುಕ್ಬೇಡ, ನಾನೇ ಎತ್ತಿಟ್ಟಿದೀನಿ," ಅಂದರು ಅತ್ತೆ.

"ಅತ್ತೆ, ಇವತ್ತು ಕಳಿಸ್ಬೇಕು. ಕಳಿಸ್ದಿದ್ರೆ..."

"ಕರೆದೋಳು ನೀನು. ಈಗ ಅಟ್ಟೋಳೂ ನೀನಾ? ಬೇಕಾದಾಗ ಕರಿ, ಬೇಡವಾದಾಗ ಓಡ್ಸು — ಬೀದಿ ನಾಯಿನಾ ಅವನು?"

ಬೀದಿಯ ಬೆಂಕಿಗಳು ಒಂದೊಂದಾಗಿ ಆರಿದವು. ಎಲ್ಲರ ಮನೆಯ ಸತ್ತವರೂ ಹೊರಟುಹೋದರು. ನಮ್ಮವನು ಹೋಗಲಿಲ್ಲ. ಸುಳ್ಳು ಯಾಕೆ ಬರೆಯಲಿ — ಒಳಗೊಳಗೇ ಸಂತೋಷವೂ ಆಯಿತು.

ಆಗಸ್ಟ್ 29

ಬರೆಯಲು ಮನಸ್ಸಾಗಲಿಲ್ಲ ಇಷ್ಟು ದಿನ.

ಅತ್ತೆ ಹಗಲೆಲ್ಲ ಅವನ ಜೊತೆ ಮಾತು. ಟಿವಿ ನೋಡುತ್ತಾ ಮಾತು, ಮೂಲಂಗಿ ಹೆಚ್ಚುತ್ತಾ ಮಾತು. ಕಿಟಕಿಯ ಹತ್ತಿರ ಅವನು ಕೂರುತ್ತಿದ್ದ ದಿಂಬು ಒದ್ದೆ. ಬಿಸಿಲಿಗೆ ಹಾಕಿ ಒಣಗಿಸುತ್ತೇನೆ. ಕೆಲಸದಿಂದ ಬರುವಷ್ಟರಲ್ಲಿ ಮತ್ತೆ ಒದ್ದೆ. ಕೆಳಗಿನ ಚಾಪೆಗೆ ಬೂಷ್ಟು ಹಿಡಿದಿದೆ. ಮನೆಯಲ್ಲಿ ಡೀಸೆಲ್ ವಾಸನೆ, ಕಡಲ ಪಾಚಿಯ ವಾಸನೆ. ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದೆ. ಈಗ ಬಾಗಿಲು ತೆರೆದ ಕೂಡಲೇ ಅದನ್ನೇ ಹುಡುಕುತ್ತೇನೆ.

ಕಾರ್ಖಾನೆಯಲ್ಲಿ ಒಂದು ಲೈನ್ ನಿಲ್ಲಿಸಿದರು. ಪೆರುವಿನದೂ ಕಡಿಮೆಯಂತೆ.

ಸೆಪ್ಟೆಂಬರ್ 19

ಅತ್ತೆ ಏಳುತ್ತಿಲ್ಲ. ಕೆಮ್ಮು. ಮೈ ಸುಡುತ್ತದೆ, ಕೈ ಮಾತ್ರ ಮಂಜು. ತಮ್ಮ ಪಾಲಿನ ಗಂಜಿಯನ್ನೂ ಆ ದಿಂಬಿನ ಮುಂದೆ ಇಡಿಸುತ್ತಾರೆ. ಡಾಕ್ಟರು ಶೀತ ಅಂದು ಮಾತ್ರೆ ಕೊಟ್ಟರು.

ಓನುಮಾ ನೋಡಲು ಬಂದವನು ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲೇ ಮೂಗೆಳೆದುಕೊಂಡ.

"ಕಳಿಸಿಲ್ವಾ ನೀವು? ಅಯ್ಯೋ ದೇವ್ರೇ... ಹಬ್ಬ ಮುಗಿದ್ಮೇಲೆ ಉಳಿದೋನಿಗೆ ಇಲ್ಲೂ ಜಾಗ ಇಲ್ಲ, ಅಲ್ಲೂ ಇಲ್ಲ ಕಣಮ್ಮ. ಬೆಚ್ಚಗಾಗ್ಬೇಕು ಅಂತ ಮನೇಲಿರೋರಿಗೆ ಆತ್ಕೊಂಡಿರ್ತಾನೆ. ಬೇಕು ಅಂತ ಮಾಡಲ್ಲ, ಪಾಪ. ಈ ವಾರ ಹಗಲು ರಾತ್ರಿ ಸಮ ಆಗತ್ತೆ, ಗೋರಿಗೆ ಹೋಗೋ ವಾರ, ದಾರಿ ತೆರೆದಿರತ್ತೆ. ಈಗ್ಲಾದ್ರೂ ಕಳ್ಸು. ಇಲ್ಲಾಂದ್ರೆ ನಿಮ್ಮತ್ತೆ ಚಳಿಗಾಲ ನೋಡಲ್ಲ."

ಅತ್ತೆ ಕೇಳಿಸಿಕೊಂಡರು. ಓನುಮಾ ಹೋದ ಮೇಲೆ ನನ್ನನ್ನು ಕರೆದರು.

"ಹಾಸಿಗೆ ಬೀರುವಿನ ತಳದಲ್ಲಿದೆ ಕಟ್ಟು. ತೆಗಿ. ನಂದು ಬಿಡು, ನಾನು ಹೋಗೋಳೇ. ಅವನಿಗೆ ಚಳಿ ಕಣೇ ಸುಮಿಯೆ. ಎಷ್ಟು ಹೊದಿಸಿದ್ರೂ ನಡುಗ್ತಾನೆ. ನೋಡಕ್ಕಾಗಲ್ಲ ನನ್ನ ಕೈಲಿ."

ಸೆಪ್ಟೆಂಬರ್ 23, ಸಂಜೆ

ಬರೆದುಬಿಡಬೇಕು, ಬೇಗ.

ಬೆಳಕಿರುವಾಗಲೇ ಚಕ್ಕೆ ಜೋಡಿಸಿ ಹಚ್ಚಿದೆ. ಪಕ್ಕದಲ್ಲಿ ಬಕೆಟ್ ನೀರು, ಎಲ್ಲರೂ ಇಡುವ ಹಾಗೆ. ಓನುಮಾ ರಸ್ತೆಯಲ್ಲಿ ಕೈಮುಗಿದು ನಿಂತಿದ್ದ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲು ಪೂರ್ತಿ ಸರಿಸಿದರು, ದಾರಿ ಬಿಟ್ಟು ಪಕ್ಕಕ್ಕೆ ನಿಂತರು.

"ಹೊರಡಪ್ಪ. ಬೆಳಕಿದ್ದಾಗ್ಲೇ ಹೊರಡು. ಬರೋ ವರ್ಷ ಬರೋವಂತೆ." ಧ್ವನಿ ಒಂಚೂರೂ ಅಲುಗಲಿಲ್ಲ. ಎಂಥ ಹೆಂಗಸು.

ಕಲ್ಲಿಗೆ ಬೂಟಿನ ಹಿಮ್ಮಡಿ ತಟ್ಟಿದ ಸದ್ದು. ಬಂದರಿಗೆ ಹೊರಡುವಾಗ ದಿನಾ ಹಾಗೇ ತಟ್ಟುತ್ತಿದ್ದ. ಹೊರಗೆ ಬಂದ. ಕಾಣಲಿಲ್ಲ. ನನ್ನ ಎದುರಿಗೆ ನಿಂತದ್ದು ಗೊತ್ತಾಯಿತು. ಬೆಂಕಿ ಆ ಕಡೆ ಬಾಗಿತು. ಬೆಂಕಿ ದಾಟಿ ಒಂದು ಹೆಜ್ಜೆ ಹಾಕಿದರೆ ಮುಗಿಯುತ್ತಿತ್ತು, ಹೋಗಿಬಿಡುತ್ತಿದ್ದ. ಹಾಕಲಿಲ್ಲ. ನಾನೂ ಏನಾದರೂ ಹೇಳಲಿ ಎಂದು ಕಾಯುತ್ತಿದ್ದ.

ಹೋಗು ಅನ್ನಬೇಕಿತ್ತು. ಅದಕ್ಕೇ ತಾನೇ ಬೆಂಕಿ ಹಚ್ಚಿದ್ದು. ಅತ್ತೆ ಅಂದರಲ್ಲ.

ಬಕೆಟ್ ಎತ್ತಿ ಬೆಂಕಿಯ ಮೇಲೆ ಸುರಿದೆ.

"ಅಯ್ಯೋ, ಏನ್ಮಾಡ್ದೆ ತಾಯೀ!" ಓನುಮಾ ಕಿರುಚಿದ. ತಿರುಗಿ ನೋಡದೆ ಮನೆಗೆ ಓಡಿದ.

ಅತ್ತೆ ಬೈಯಲಿಲ್ಲ. ಕೈ ಹಿಡಿದು ಒಳಗೆ ಕರೆತಂದರು. ಅವರ ಕೈ ತಣ್ಣಗಿತ್ತು, ನನ್ನದೂ ತಣ್ಣಗಿತ್ತು. ಯಾವುದು ಯಾರದೆಂದು ಗೊತ್ತಾಗಲಿಲ್ಲ.

ಈಗ ಅವರು ನನ್ನೆದುರು ಕೂತು ಕೆಮ್ಮುತ್ತಿದ್ದಾರೆ. ಇಬ್ಬರೂ ಇಲ್ಲೇ ಇದ್ದೇವೆ. ಬಚ್ಚಲಲ್ಲಿ ಬಿಸಿನೀರು ಹುಯ್ದುಕೊಳ್ಳುವ ಸದ್ದು. ಹುಯ್ದುಕೊಳ್ಳಲಿ, ಬೆಚ್ಚಗಾಗಲಿ. ಒಣ ಟವೆಲ್ ಇಲ್ಲೇ ಉಳಿದಿದೆ. ಬಚ್ಚಲ ಬಾಗಿಲ ಹತ್ತಿರ ಇಟ್ಟು ಬಂದು ಮುಂದೆ ಬರೆ—